ದೆದೆತಳ ಎಡಹುಬ್ಬು

ನದಿದಂಡೆಯ ಸ್ಯಾವುತ್ ಊರಿನಲ್ಲಿ ಸತ್ತ ಹೆಂಗಸರಿಗೆಲ್ಲ ಒಂದೇ ಮುಖ. ಅದು ಸೆನ್ಬಿಯ ಹೆಂಡತಿ ದೆದೆತಳ ಮುಖ. ಊರಿಗೆಲ್ಲ ಗೊತ್ತಿದ್ದ ಸಂಗತಿಯೇ, ಆದರೆ ಯಾರಿಗೂ ಬೇಸರವಿರಲಿಲ್ಲ. ಚೆಂದದ ಮುಖ ಸಿಗುತ್ತದೆಂದರೆ ಯಾರು ತಾನೇ ಬೇಡವೆಂದಾರು?

ಸೆನ್ಬಿ ಹೆಣಗಳಿಗೆ ಮುಖವಾಡ ಮಾಡುವವನು. ಹಳೆಯ ನಾರುಬಟ್ಟೆಯನ್ನು ಸರೇಸಿನ ಅಂಟಿನಲ್ಲಿ ಅದ್ದಿ, ಅಚ್ಚಿನ ಮೇಲೆ ಪದರ ಪದರವಾಗಿ ಅಂಟಿಸಿ, ಸುಣ್ಣದ ಗಾರೆ ಬಳಿದು, ಒಣಗಿದ ಮೇಲೆ ಬಣ್ಣ ಹಾಕುತ್ತಿದ್ದ. ಗಂಡಸಿಗೆ ಕೆಮ್ಮಣ್ಣು, ಹೆಂಗಸಿಗೆ ಹಳದಿ. ಮದುವೆಯಾದ ಹೊಸತರಲ್ಲಿ ದೆದೆತ್ ಬಾಗಿಲಲ್ಲಿ ಕೂತು ಈರುಳ್ಳಿ ಸುಲಿಯುತ್ತಿದ್ದಾಗ, ಅವಳನ್ನೇ ನೋಡುತ್ತ ಜೇಡಿಮಣ್ಣಿನಲ್ಲಿ ಹೆಂಗಸರ ಅಚ್ಚು ತಿದ್ದಿದ್ದ. ಅವಳು ಕಣ್ಣೀರು ಸುರಿಸುತ್ತಲೇ ನಗುತ್ತಿದ್ದಳು. ಎಂಥಾ ದಿನಗಳವು! ಆ ಅಚ್ಚನ್ನು ಅವನು ಆಮೇಲೆ ಬದಲಿಸಲೇ ಇಲ್ಲ. ಹಲ್ಲುದುರಿದ ಅಜ್ಜಿ ಸತ್ತರೂ ಅದೇ ಎಳೆಯ ಮುಖ. ಮುಖವಾಡದ ಮೇಲೆ ಬರೆದದ್ದೇ ಸತ್ತವರ ಪಡುವಣ ಲೋಕದಲ್ಲಿ ಕೊನೆಯವರೆಗೂ ಉಳಿಯುವುದರಿಂದ, ಸುಕ್ಕು, ಕಲೆಗಳನ್ನು ಜೊತೆಗೆ ಕಟ್ಟಿಕೊಂಡು ಹೋಗಲು ಯಾರಿಗೂ ಇಷ್ಟವಿರಲಿಲ್ಲ.

ಸತ್ತವರ ಪ್ರಾಣಪಕ್ಷಿ ದಿನಾ ಬೆಳಗ್ಗೆ ಗುಡ್ಡದ ಮೇಲಿನ ಗೋರಿಯಿಂದ ಹಾರಿಹೋಗಿ, ಸಂಜೆಗೆ ತನ್ನ ಮುಖದ ಗುರುತು ಹಿಡಿದು ಮೈಗೆ ಮರಳಬೇಕು. ಇದನ್ನೇ ಇಟ್ಟುಕೊಂಡು ದೆದೆತ್ ಗಂಡನನ್ನು ಕೆಣಕುತ್ತಿದ್ದಳು.

“ಗುಡ್ಡದ ತುಂಬ ನನ್ನ ಮೂಗೇ ಮಲಗಿದೆ. ನಾಳೆ ನಾನು ಸತ್ರೆ ನನ್ನ ಪಕ್ಷಿ ಯಾರ ಮೇಲೆ ಬಂದು ಕೂರ್ಬೇಕು? ಆ ನೇಕಾರನ ಹೆಂಡ್ತಿ ಮೇಲಾ?”

“ಕೂತ್ರೆ ಕೂರ್ಲಿ ಬಿಡು. ಒಂದು ರಾತ್ರಿ ನಿನ್ನ ಬೈಗುಳ ಅವಳೂ ಕೇಳಿಸ್ಕೊಳ್ಲಿ,” ಅನ್ನುತ್ತಿದ್ದ ಸೆನ್ಬಿ. ಇಬ್ಬರೂ ನಕ್ಕು, ಜವೆಗೋದಿಯ ಹೆಂಡ ಬಗ್ಗಿಸಿಕೊಳ್ಳುತ್ತಿದ್ದರು.

ಈ ಸಲ ನದಿ ಏರುವ ಮೊದಲೇ ದೆದೆತ್ ಜ್ವರದಲ್ಲಿ ಹೋಗಿಬಿಟ್ಟಳು. ಮೈ ಕೆಡದಂತೆ ಉಪ್ಪಿನಲ್ಲಿಡುವವರು ಬಂದು ಹೊತ್ತುಕೊಂಡು ಹೋದರು. ಮುಖವಾಡ ಮಾಡುವ ಕೆಲಸ ಗಂಡನಿಗೆ ಉಳಿಯಿತು. ಅಷ್ಟು ವರ್ಷ ಅನ್ನ ಕೊಟ್ಟ ಅಚ್ಚನ್ನು ಕೈಗೆತ್ತಿಕೊಂಡಾಗ ಸೆನ್ಬಿಗೆ ಅವಳ ಮಾತು ನೆನಪಾಯಿತು. ಅವಳ ತಮಾಷೆ ಈಗ ತಮಾಷೆಯಾಗಿರಲಿಲ್ಲ. ಅವಳ ಮುಖವನ್ನು ಊರಿಗೆಲ್ಲ ಹಂಚಿ ಕೂತಿದ್ದನಲ್ಲ, ಇನ್ನು ಅವಳಿಗೇನು ಕೊಡುವುದು? ಪಕ್ಷಿ ದಾರಿತಪ್ಪಿ ಅಲೆದರೆ ಅವಳಿಗೆ ಎರಡನೇ ಸಾವು.

ಅವಳು ಉಟ್ಟು ಹಳತಾದ ಬಟ್ಟೆಗಳನ್ನೇ ಹರಿದು ಅದೇ ಅಚ್ಚಿನ ಮೇಲೆ ಪದರ ಹಾಕಿದ. ಹೊಗೆಯ ವಾಸನೆ ಇನ್ನೂ ಹೋಗಿರಲಿಲ್ಲ. ಹಳದಿ ಬಳಿದ, ಕೂದಲಿಗೆ ನೀಲಿ ಹಚ್ಚಿದ, ಬಲಹುಬ್ಬು ಎಳೆದ. ಎಡಹುಬ್ಬಿನ ನಡುವೆ ಕುಂಚ ಎತ್ತಿ, ಬೆರಳಗಲದ ಜಾಗ ಬಿಟ್ಟು, ಮುಂದೆ ಎಳೆದ.

ಒಮ್ಮೆ ಅವನ ಸರೇಸು ಕುದಿಸುವಾಗ ಗಡಿಗೆ ಒಡೆದು ಅವಳ ಎಡಹುಬ್ಬಿಗೆ ಸಿಡಿದಿತ್ತು. ಅಲ್ಲಿ ಮತ್ತೆ ಕೂದಲು ಬರಲಿಲ್ಲ. ಅಚ್ಚು ಅದಕ್ಕಿಂತ ಹಳೆಯದು. ಹಾಗಾಗಿ ಈ ಬೋಳು ಹುಬ್ಬೊಂದು ಮಾತ್ರ ಗುಡ್ಡದ ಯಾವ ಹೆಂಗಸಿಗೂ ಹೋಗಿರಲಿಲ್ಲ.

ದೆದೆತಳ ತಂಗಿ ಹೆಜ್ರೆತ್ ರೊಟ್ಟಿ ತಂದವಳು ಮುಖವಾಡದ ಮುಂದೆ ನಿಂತಳು.

“ಏನು ಭಾವ, ಹುಬ್ಬು ಅರ್ಧಕ್ಕೇ ಬಿಟ್ಟಿದ್ದೀರಿ? ಕಣ್ಣು ಮಂಜಾಯ್ತಾ?”

“ಮುಗಿಸಿದ್ದೀನಿ. ಅವಳ ಹುಬ್ಬು ಇದ್ದಿದ್ದೇ ಅಷ್ಟು.”

“ಕಂಡವರ ಮನೆ ಮುದುಕಿಯರಿಗೆಲ್ಲ ತುಂಬು ಹುಬ್ಬು, ನಮ್ಮಕ್ಕನಿಗೆ ಮಾತ್ರ ಬೋಳು ಹುಬ್ಬಾ? ಅಲ್ಲಿಗೂ ಅದನ್ನ ಹೊತ್ಕೊಂಡು ಹೋಗ್ಬೇಕಾ ಅವಳು?”

“ತುಂಬಿಸಿದ್ರೆ ಅವಳೂ ಅವರಲ್ಲೊಬ್ಬಳಾಗ್ತಾಳೆ ಕಣಮ್ಮ. ಪಕ್ಷಿಗೆ ಗುರುತು ಬೇಡ್ವಾ?”

“ಗುರುತಂತೆ ಗುರುತು. ಅದನ್ನ ಅವಳು ಯಾರಿಗೂ ತೋರಿಸ್ತಿರ್ಲಿಲ್ಲ. ದಿನಾ ಬೆಳಗ್ಗೆ ಎದ್ದು, ಕಾಡಿಗೆ ಕಡ್ಡೀಲಿ ಆ ಜಾಗ ತುಂಬಿಸ್ಕೊಂಡೇ ನೀರಿಗೆ ಹೊರಡ್ತಿದ್ದಿದ್ದು. ಇಷ್ಟು ವರ್ಷ ಸಂಸಾರ ಮಾಡಿ ನೀವು ನೋಡೇ ಇಲ್ವಾ?”

ಸೆನ್ಬಿ ನೋಡಿರಲಿಲ್ಲ. ಬಿಸಿಲೇರಿದರೆ ಗಾರೆ ಬಿರುಕು ಬಿಡುತ್ತದೆಂದು ಅವನು ನಸುಕಿನಲ್ಲೇ ಕೆಲಸದ ಚಪ್ಪರಕ್ಕೆ ಹೋಗುತ್ತಿದ್ದವನು. ಅವನಿಗೆ ಗೊತ್ತಿದ್ದದ್ದು ಸಂಜೆಯ ದೆದೆತ್. ಒಲೆಯ ಮುಂದೆ ಬೆವೆತು ಕೂತಿರುತ್ತಿದ್ದಳು. ಹುಬ್ಬಿನ ಹತ್ತಿರ ಕಪ್ಪು ಕದಡಿರುತ್ತಿತ್ತು. “ಮಸಿ ಮೆತ್ಕೊಂಡಿದ್ದೀಯಲ್ಲೇ” ಎಂದು ಹೆಬ್ಬೆರಳು ಒದ್ದೆ ಮಾಡಿ ತಾನೇ ಒರೆಸುತ್ತಿದ್ದ. ಅವಳು ಸುಮ್ಮನೆ ಮುಖ ಕೊಡುತ್ತಿದ್ದಳು, ಮಸಿಯಲ್ಲವೆಂದು ಒಂದು ದಿನವೂ ಹೇಳಿರಲಿಲ್ಲ.

ಅವನಿಗೆ ಅಳು ಬಂತು. ಕುಂಚವನ್ನು ಕಪ್ಪಿನಲ್ಲಿ ಅದ್ದಿ ಹುಬ್ಬಿನ ತನಕ ಒಯ್ದ. ಅವಳು ಮುಚ್ಚಿಟ್ಟುಕೊಂಡಿದ್ದನ್ನು ತಾನು ಎಂದೆಂದಿಗೂ ಬಯಲಿಗಿಡುವುದೇ? ಮುಚ್ಚಿದರೆ ಅವಳು ಪಕ್ಷಿಗೆ ಸಿಗುವುದೆಲ್ಲಿ? ಕೊನೆಗೆ ಕುಂಚ ಕೆಳಗಿಟ್ಟ.

“ಪಕ್ಷಿ ಬರೋದು ಸಂಜೆ ಹೊತ್ತಿಗೆ ಕಣಮ್ಮ. ಸಂಜೆಗೆ ಅವಳ ಮುಖ ಹೀಗೇ ಇರ್ತಿತ್ತು.”

“ಮತ್ತೆ ಬೆಳಗ್ಗೆಗೆ?” ಎಂದು ಕೇಳಿ ಹೆಜ್ರೆತ್ ಸಿಟ್ಟಿನಲ್ಲೇ ಹೊರಟುಹೋದಳು.

ಮಣ್ಣು ಮಾಡುವ ದಿನ ಗುಡ್ಡದ ಮೇಲೆ, ಪೆಟ್ಟಿಗೆ ಮುಚ್ಚುವ ಮೊದಲು, ಜನ ಆ ಹುಬ್ಬು ನೋಡಿ ಪಿಸುಗುಟ್ಟಿದರು. ಸೆನ್ಬಿ ಕಿವಿಗೆ ಹಾಕಿಕೊಳ್ಳಲಿಲ್ಲ. ಮನೆಯಿಂದ ತಂದಿದ್ದ ಅವಳ ಕಾಡಿಗೆ ಕರಡಿಗೆಯನ್ನೂ ಕಡ್ಡಿಯನ್ನೂ ಅವಳ ಬಲಗೈ ಪಕ್ಕದಲ್ಲಿಟ್ಟ.

“ಬೆಳಗ್ಗೆ ಎದ್ದು ಅವಳೇ ಹಚ್ಕೊಳ್ಲಿ,” ಅಂದ.

ಹೆಜ್ರೆತ್ ಬಗ್ಗಿ ಕರಡಿಗೆಯ ಮುಚ್ಚಳ ತೆಗೆದು ನೋಡಿದಳು. ಕಾಡಿಗೆ ತಳದಲ್ಲಿ ಇಷ್ಟೇ ಇತ್ತು. ತನ್ನ ಸೊಂಟದ ಗಂಟು ಬಿಚ್ಚಿ, ತನ್ನ ಕಾಡಿಗೆಯನ್ನೆಲ್ಲ ಅದಕ್ಕೆ ಬಗ್ಗಿಸಿ, ಬೆರಳಿಂದ ಒತ್ತಿ ತುಂಬಿದಳು.

“ಅಲ್ಲಿ ಬೆಳಗು ಬಹಳ ಇರ್ತವೆ ಭಾವ,” ಅಂದಳು.