ದೊಡ್ಡದಾಗೇ ಕುಯ್ದ್‌ಬುಡಿ ಸಾ

"ಸಾ, ತೂತುಗೀತು ಬ್ಯಾಡ. ದೊಡ್ಡದಾಗೇ ಕುಯ್ದ್‌ಬುಡಿ."

ಹೀಗಂದವಳು ನನ್ನ ಚಿಕ್ಕಪ್ಪನ ಮಗಳು ಪದ್ಮ. ಅಂದದ್ದು ಬೆಂಗಳೂರಿನ ಒಬ್ಬ ಸರ್ಜನ್ ಎದುರು. ಅವರ ಪೆನ್ನು ಅಲ್ಲೇ ನಿಂತಿತು. ನಾನೂ ಅವಳ ಗಂಡನೂ ಮುಖ ಮುಖ ನೋಡಿಕೊಂಡೆವು. ನನ್ನ ಹೊಟ್ಟೆ ದೊಡ್ಡದಾಗಿ ಕುಯ್ಯಿರಿ ಎಂದು ಯಾರಾದರೂ ಕೇಳಿಕೊಳ್ಳುತ್ತಾರೆಯೇ?

ಪದ್ಮಳ ಮೇದೋಜೀರಕ ಗ್ರಂಥಿಯಲ್ಲಿ (ಅದೇ, ಪ್ಯಾಂಕ್ರಿಯಾಸ್) ಒಂದು ಗೆಡ್ಡೆ. ಹಾಸನದಲ್ಲಿ ಸ್ಕ್ಯಾನ್ ಮಾಡಿ ಬೆಂಗಳೂರಿಗೆ ಬರೆದುಕೊಟ್ಟಿದ್ದರು. ಕ್ಯಾನ್ಸರ್ ಹೌದೋ ಅಲ್ಲವೋ ಎನ್ನುವುದು ತೆಗೆದು ಪರೀಕ್ಷೆ ಮಾಡಿದ ಮೇಲೇ ಗೊತ್ತಾಗುವುದು. ನಮಗೆಲ್ಲ ಅದೇ ಭಯ.

ಸರ್ಜನ್ ತಾಳ್ಮೆಯ ಮನುಷ್ಯ. ಚಿತ್ರ ಬರೆದು ವಿವರಿಸಿದರು. ಗೆಡ್ಡೆ ಗ್ರಂಥಿಯ ತಲೆಯ ಕಡೆ ಇದ್ದಿದ್ದರೆ ಹೊಟ್ಟೆ ತೆರೆಯಬೇಕಿತ್ತು. ಇವಳದ್ದು ಬಾಲದ ಕಡೆ ಇದೆ, ಕೀಹೋಲ್ ಮಾಡಬಹುದು. (ಇಂಥದ್ದನ್ನು ಹಾಗೆ ಮಾಡುವುದು ಈಗೀಗ ಶುರುವಾಗಿದೆಯಂತೆ.) ನಾಲ್ಕೈದು ಸಣ್ಣ ತೂತು, ಒಂದರಲ್ಲಿ ಕ್ಯಾಮೆರಾ. ರಕ್ತ ಹೋಗುವುದು ಕಡಿಮೆ, ನೋವು ಕಡಿಮೆ, ಬೇಗ ಮನೆಗೆ.

"ಆದರೆ ಒಳಗೆ ಕತ್ತರಿಸೋದು ಎರಡರಲ್ಲೂ ಅಷ್ಟೇ ಕಣಮ್ಮ. ಗ್ರಂಥಿಯ ರಸ ಸೋರೋ ಅಪಾಯಾನೂ ಎರಡರಲ್ಲೂ ಇದೆ. ಮಧ್ಯೆ ಕಷ್ಟ ಅನ್ನಿಸಿದ್ರೆ ಹೊಟ್ಟೆ ತೆರೀತೀವಿ," ಎಂದರು.

ಇಷ್ಟೆಲ್ಲ ಕೇಳಿದ ಮೇಲೆ ಇವಳು ಆಡಿದ್ದು ಆ ಮಾತು! "ಏನೇ, ತಲೆಗಿಲೆ ಕೆಟ್ಟೈತಾ?" ಎಂದು ಗಂಡ ರೇಗಿದ. ಅವನು ಕ್ಯಾಂಟೀನಿಗೆ ಹೋದ ಮೇಲೆ ಕಾರಿಡಾರಿನಲ್ಲಿ ನಾನೇ ಕೇಳಿದೆ.

"ಅಣ್ಣಾ, ನಮ್ಮ ಭಾವಂಗೆ ಆಪರೇಸನ್ ಆದಾಗ ಎದೆಯಿಂದ ಒಕ್ಕುಳ್‌ಗಂಟ ಕುಯ್ದಿದ್ರು. ಒಲಿಗೆ ಆಕಿರೋದ್ ನೋಡ್ದೋರೆಲ್ಲ ಅಯ್ಯೋ ಪಾಪ ಅಂದ್ರು. ಮೂರು ತಿಂಗ್ಳು ಮಂಚದ ಮ್ಯಾಲೇ ಗಂಜಿ, ಎಳನೀರು. ಅವ್ರ ಎಂಡ್ತಿಗೆ ಪಿತ್ತಕೋಶ ತೆಗುದ್ರಲ್ಲ, ಅದು ತೂತು ಮಾಡಿ. ನಮ್ಮತ್ತೆ ಸೆರಗು ಸರ್ಸಿ ನೋಡಿ, ಇಷ್ಟೇಯಾ ಅಂದ್ಬುಟ್ರು. ಆ ವಾರ್ವೇ ಅಕ್ಕ ಕೊಟ್ಟಿಗೇಲಿ ಸಗಣಿ ಬಾಚ್ತಿದ್ಲು. ನಂಗೂ ಅಂಗೇಯಾ ಆಗೋದು. ಒಳಗ್ ಸೋರೋದು ಅತ್ತೆ ಕಣ್ಗೆ ಕಾಣ್ತದಾ?"

(ಮಲ್ಲಿಪಟ್ಟಣದ ಅವಳ ಗಂಡನ ಮನೆಯ ಹಾಲು ಬೆಳಗ್ಗೆ ಡೈರಿಗೆ ಹೋಗುವುದರೊಳಗೆ ಹೆಂಗಸರು ಏನೇನು ಮಾಡಿ ಮುಗಿಸಿರುತ್ತಾರೆಂದು ನಾನೂ ಕಂಡಿದ್ದೇನೆ.) ಇವಳು ಚಾಕುವಿಗೆ ಹೆದರಿಯೇ ಇರಲಿಲ್ಲ. ಬೇಗ ಡಿಸ್ಚಾರ್ಜ್ ಆಗಿಬಿಡುತ್ತೇನೆ ಎಂದು ಹೆದರಿದ್ದಳು.

ಸರ್ಜನ್‌ಗೆ ವಿಷಯ ತಿಳಿಸಿದೆ. ಅವರು ನಗಲಿಲ್ಲ. "ರಜಾ ಕೊಡಿಸೋದು ನನಗೆ ಬಿಡಮ್ಮ," ಎಂದು ಅವಳನ್ನು ಒಪ್ಪಿಸಿ ಕೀಹೋಲನ್ನೇ ಮಾಡಿದರು. ಗೆಡ್ಡೆ ಸಲೀಸಾಗಿ ಬಂತು. ಆಮೇಲೆ ರಿಪೋರ್ಟೂ ಬಂತು. ಕ್ಯಾನ್ಸರ್ ಅಲ್ಲ! ಅವಳ ಗಂಡ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟ. ನನಗೂ ಕಣ್ಣು ತುಂಬಿ ಬಂತು.

ಮನೆಗೆ ಕಳಿಸುವಾಗ ಸರ್ಜನ್ ಹೊಟ್ಟೆಗೊಂದು ಬೆಲ್ಟ್ ಬರೆದುಕೊಟ್ಟರು. ಸೀರೆಯ ಮೇಲೆ ಕಟ್ಟುವ ಅಗಲವಾದ ಬೆಲ್ಟ್. "ನಾನು ಹೇಳೋ ತನಕ ಬಿಚ್ಚಬಾರದು. ಭಾರ ಎತ್ತಬಾರದು," ಎಂದು ಗಂಡನಿಗೆ ಗದರಿಸಿಯೇ ಹೇಳಿದರು.

ಬೆಲ್ಟ್ ಕಂಡು ಅತ್ತೆ "ಅಯ್ಯೋ ನಮ್ಮವ್ವ, ಎಷ್ಟಗಲ ಕುಯ್ದವ್ರೆ!" ಎಂದು ಎದೆ ಬಡಿದುಕೊಂಡರಂತೆ. ಪದ್ಮ ತಿದ್ದಲಿಲ್ಲ. ಗಂಡನೂ ತಿದ್ದಲಿಲ್ಲ. (ಅವನ ಮೇಲೆ ನನಗೆ ಗೌರವ ಬಂದದ್ದು ಆಗಲೇ.) ಸಾಲಗಾಮೆಯ ನೆಂಟರು ಎಳನೀರಿನ ಗೊನೆಯನ್ನೇ ಹೊತ್ತು ಬಂದರು.

ಮೊನ್ನೆ ನಾನು ಹೋದಾಗ ಕಾಫಿ ಮಾಡಿ ತಂದದ್ದು ಅವಳ ಗಂಡ. (ಸಕ್ಕರೆ ಜಾಸ್ತಿ.) ಜಗಲಿಯಲ್ಲಿ ಕೂತಿದ್ದ ಪದ್ಮಳ ಹೊಟ್ಟೆಯ ಮೇಲೆ ಇನ್ನೂ ಅದೇ ಬೆಲ್ಟ್! ಹೋದ ತಿಂಗಳ ಚೆಕಪ್ಪಿಗೆ ಅವಳನ್ನು ಕರೆದುಕೊಂಡು ಹೋಗಿದ್ದವನು ನಾನೇ.

"ಇನ್ನು ಬಿಚ್ಚಬಹುದು ಅಂದ್ರಲ್ಲವ್ವ ಡಾಕ್ಟ್ರು?" ಎಂದೆ ಮೆಲ್ಲಗೆ.

ಅವಳು ಒಮ್ಮೆ ಅಡುಗೆಮನೆಯ ಕಡೆ ನೋಡಿದಳು.

"ಸುಮ್ಕಿರಣ್ಣ. ಅದು ನಿಂಗೊಬ್ಬನ್ಗೇ ಗೊತ್ತಿರೋದು."

ಪ್ಯಾಂಕ್ರಿಯಾಸಿನ ಗೆಡ್ಡೆ ತೆಗೆಯುವುದಕ್ಕೂ ಈಗ ಸಣ್ಣ ತೂತು ಸಾಕು. ಮನೆಯ ಹೆಂಗಸಿಗೆ ನಾಲ್ಕು ದಿನ ರಜಾ ಸಿಗುವುದಕ್ಕೆ ಮಾತ್ರ ಇಷ್ಟಗಲದ ಬೆಲ್ಟೇ ಬೇಕೇ?