ಎಡಗೈಯ ತವರು ಬಳೆ

ಬೆಳಿಗ್ಗೆ ಎದ್ದ ಕೂಡಲೇ ಅಮ್ಮನ ಎಡ ಮಣಿಕಟ್ಟಿನ ಮೇಲೆ ಬೆರಳಿಟ್ಟು ನೋಡುವುದು ನನ್ನ ಕೆಲಸ. ಚರ್ಮದ ಕೆಳಗೆ ಸಣ್ಣಗೆ ಗುಂಯ್‌ಗುಡುವ ಒಂದು ನಡುಕ ಇರಬೇಕು. ಡಯಾಲಿಸಿಸ್‌ಗಾಗಿ ವೈದ್ಯರು ಅಲ್ಲಿ ಎರಡು ರಕ್ತನಾಳಗಳನ್ನು ಸೇರಿಸಿ ಹೊಲಿದಿದ್ದಾರೆ. ನಡುಕ ನಿಂತರೆ ನಾಳ ಮುಚ್ಚಿತೆಂದು ಅರ್ಥ. ಬಲಗೈಯ ನಾಳಗಳು ತೀರ ಸಣ್ಣವು, ಅಲ್ಲಿ ಹೀಗೆ ಮಾಡಲಾಗದು ಎಂದು ಅವರು ಮೊದಲೇ ಹೇಳಿದ್ದರು. ಎಡಗೈ ಮೇಲೆ ತಲೆಯಿಟ್ಟು ಮಲಗಬಾರದು, ಭಾರ ಎತ್ತಬಾರದು, ವಾಚು, ಬಳೆ ಏನನ್ನೂ ಹಾಕಬಾರದು.

ಅಮ್ಮ ಎಲ್ಲವನ್ನೂ ಪಾಲಿಸಿದಳು. ಬಳೆಯ ವಿಷಯ ಮಾತ್ರ ಎತ್ತಲೇ ಇಲ್ಲ. ಹೊರಗೆ ಹೊರಟಾಗ ಎಡಗೈಯನ್ನು ಸೆರಗಿನೊಳಗೆ ಇಟ್ಟುಕೊಳ್ಳುವುದು ರೂಢಿಯಾಯಿತು. ಅರಿಶಿನ ಕುಂಕುಮಕ್ಕೆ ಕರೆದ ಮನೆಗಳಲ್ಲಿ ಬಲಗೈಯನ್ನಷ್ಟೇ ಚಾಚುತ್ತಿದ್ದಳು.

ಹೀಗಿರುವಾಗ ಮರಳವಾಡಿಯಲ್ಲಿ ಸೋದರಮಾವನ ಮಗಳ ಮದುವೆ ಬಂತು. ಚಪ್ಪರದ ದಿನ ಬಳೆ ತೊಡಿಸುವ ಶಾಸ್ತ್ರ. ಬಳೆಗಾರ್ತಿ ಪಡಸಾಲೆಯಲ್ಲಿ ಹಸಿರು ಗಾಜಿನ ಬಳೆಗಳ ಮಲಾರ ಬಿಚ್ಚಿ ಕೂತಿದ್ದಳು. ಮದುಮಗಳ ನಂತರ ಮನೆಯ ಹೆಣ್ಣುಮಕ್ಕಳು. ಅವರಲ್ಲಿ ಮೊದಲು ಅಮ್ಮ.

“ಕೈ ಒಸಿ ಸಡ್ಲ ಬುಡವ್ವ. ಬಳೆ ತೊಡ್ಸಕ್ ಬಂದಿವ್ನಿ, ಕೈ ಕಿತ್ಕಂಡ್ ಹೋಗಕ್ಕಲ್ಲ,” ಎಂದು ನಗಿಸುತ್ತ ಆಕೆ ಬಲಗೈ ತುಂಬಿಸಿದಳು. “ಇನ್ನೊಂದ್ ಕೈ ಕೊಡು.”

ಅಮ್ಮ ಸೆರಗಿನಿಂದ ಎಡಗೈ ಹೊರಗೆ ತೆಗೆದಳು. ಉಬ್ಬಿದ ನಾಳ ಕಂಡು ಬಳೆಗಾರ್ತಿ ಬಳೆ ಹಿಡಿದ ಕೈ ತಡೆದಳು.

“ಆ ಕೈಗೆ ಬೇಡ,” ಎಂದೆ.

“ಅಯ್ಯೋ, ಒಂಟಿ ಕೈಗಾ?” ಎಂದರು ಅತ್ತೆ, ಮಾವನ ಹೆಂಡತಿ. “ಗಂಡ ಇರೋಳು ಒಂದ್ ಕೈ ಬರಿದು ಬುಟ್ಕೊಂಡು ಧಾರೆಗೆ ನಿಂತ್ಕಂಡ್ರೆ ಚೆಂದ್ವಾ? ಯಜಮಾನ್ರಿಗೆ ಒಳ್ಳೇದಾ?”

ಚಪ್ಪರದ ಕೆಳಗಿದ್ದ ಅಪ್ಪ ಅಲ್ಲಿಂದಲೇ ಕೂಗಿದರು: “ನನ್ ಆಯಸ್ಸು ಗಾಜಲ್ಲಿಲ್ಲ ಕಣಮ್ಮ, ಶುಗರ್ ಮಾತ್ರೇಲಿ ಐತೆ. ಬುಡಿ ಅವಳ್ ಕೈಯ.”

ಎಲ್ಲರೂ ನಕ್ಕರು. ಅಮ್ಮ ನಗಲಿಲ್ಲ.

“ನಿಮ್ಗೋಸ್ಕರ ಅಂತ ಯಾರ್ ಅಂದ್ರು? ಇದು ನಮ್ಮಪ್ಪನ್ ಮನೆ ಬಳೆ. ನಮ್ಮವ್ವ ಇದ್ದಾಗ ಎರಡ್ ಕೈಗೂ ತೊಡ್ಸೇ ಕಳುಸ್ತಿದ್ಲು. ಇನ್ಯಾವ್ ಮದ್ವೆ ಐತೆ ಈ ಮನೇಲಿ?”

ಮಾವನಿಗೆ ಒಬ್ಬಳೇ ಮಗಳು. ಗಂಡನ ಆಯಸ್ಸಿನ ಮಾತಾಗಿದ್ದರೆ ನಾನು ವಾದಿಸುತ್ತಿದ್ದೆ, ಉತ್ತರ ಸಿದ್ಧವಿತ್ತು. ತವರಿನ ಬಳೆಗೆ ಎದುರಾಗಿ ಇಡಲು ವೈದ್ಯರ ಮಾತೊಂದಿತ್ತು. ಅದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

“ಮುಚ್ಚಿಹೋದ್ರೆ, ಅಮ್ಮ?” ಎಂದೆ ಮೆಲ್ಲಗೆ.

“ಗೊತ್ತು ಕಣವ್ವ,” ಎಂದಳು. ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಬಳೆಗಾರ್ತಿ ನನ್ನ ಮುಖ ನೋಡಿದಳು. ನಾನು ಹೂಂ ಅನ್ನಲೂ ಇಲ್ಲ, ಅಡ್ಡ ಬರಲೂ ಇಲ್ಲ. ಆಕೆ ಎಲ್ಲಕ್ಕಿಂತ ದೊಡ್ಡ ಅಳತೆಯ ಎರಡು ಬಳೆ ಆರಿಸಿ, ನಾಳಕ್ಕೆ ತನ್ನ ಬೆರಳು ಅಡ್ಡ ಹಿಡಿದು ಏರಿಸಿದಳು. ಅಮ್ಮ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತ ಕೂತಳು.

ಮದುವೆಯ ಬೆಳಿಗ್ಗೆ ಅಮ್ಮ ನನಗೆ ಕೈ ಕೊಡಲಿಲ್ಲ. “ಆಮೇಲ್ ನೋಡೀವಂತೆ,” ಎಂದು ಹೆಂಗಸರ ನಡುವೆ ಸೇರಿಕೊಂಡಳು. ಧಾರೆಯ ಹೊತ್ತಿಗೆ ಸೆರಗು ಹೊದೆಯದೆ, ಹಾಲೆರೆಯಲು ಎರಡೂ ಕೈ ಚಾಚಿದಳು. ನಾನು ಹಿಂದೆ ನಿಂತು, ಆ ಎರಡು ಬಳೆಗಳು ಮಣಿಕಟ್ಟಿನ ಮೇಲೆ ಜಾರಿ ಬಂದು ಕೂರುವುದನ್ನೇ ನೋಡುತ್ತಿದ್ದೆ. ವಾದ್ಯ ಕೇಳಿಸಿದ ನೆನಪಿಲ್ಲ.

ರಾಮನಗರಕ್ಕೆ ಮರಳುವಾಗ, ಹಾರೋಹಳ್ಳಿಯ ಕಾರ್ಖಾನೆಗಳ ಕಾಂಪೌಂಡು ಶುರುವಾದ ಮೇಲೆ, ಅಮ್ಮ ತಾನಾಗಿಯೇ ಎಡಗೈಯ ಬಳೆಗಳನ್ನು ತೆಗೆದಳು. “ನೋಡು,” ಎಂದು ಕೈಯನ್ನು ನನ್ನ ತೊಡೆಯ ಮೇಲಿಟ್ಟಳು.

ಬೆರಳಿಟ್ಟೆ. ಕಾರಿನ ಅದುರು ಯಾವುದು, ಕೈಯ ನಡುಕ ಯಾವುದು ತಿಳಿಯಲಿಲ್ಲ. ಕಾರು ನಿಲ್ಲಿಸಲು ಅಪ್ಪನಿಗೆ ಹೇಳಿದೆ. ಅಪ್ಪ ರಸ್ತೆ ಬದಿಗೆ ಹಾಕಿ ಎಂಜಿನ್ ಆರಿಸಿದರು. ಮತ್ತೆ ಬೆರಳಿಟ್ಟೆ.

“ಐತಾ?” ಎಂದಳು ಅಮ್ಮ.

“ಇದೆ.”

“ಹಂಗಾದ್ರೆ ಮನೆಗಂಟ ಇರ್ಲಿ ಬುಡು,” ಎಂದು ಎರಡೂ ಬಳೆಗಳನ್ನು ಅದೇ ಕೈಗೆ ಮತ್ತೆ ಏರಿಸಿಕೊಂಡಳು. ನಾನು ಬೆರಳು ತೆಗೆಯಲಿಲ್ಲ. ಬಳೆಗಳು ಅದಕ್ಕೆ ತಾಗಿ ನಿಂತವು.