ಗೂಳಪ್ಪನ ನೀಲಿ ಹೂವು

ಗೂಳಪ್ಪ ಕೆಟ್ಟವನಲ್ಲ, ಆದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿದವನೂ ಅಲ್ಲ. ವಿಜಾಪುರದ ಕಡೆಯಿಂದ ಪುಣೆಗೆ ಬಂದು ಗುಮಾಸ್ತನಾಗಿ ಇಪ್ಪತ್ತು ವರ್ಷ ಕಳೆದಿದ್ದ. ಅವನ ಬಾಯಲ್ಲಿ ಹಾವುರಾಣಿ ಹೆಬ್ಬಾವಾಗುತ್ತಿತ್ತು. ಮುಠಾ ಹೊಳೆ ಮೊಣಕಾಲಿಗೆ ಬಂದರೆ ಕುತ್ತಿಗೆಗೆ ಬಂದಿರುತ್ತಿತ್ತು. ಹೆಂಡತಿ ಭೀಮವ್ವ ಅವನ ಮಾತಿನಲ್ಲಿ ಅರ್ಧ ಕಳೆದು, ಉಳಿದರ್ಧವನ್ನು ಅನುಮಾನದಿಂದಲೇ ನಂಬುತ್ತಿದ್ದಳು.

೧೯೩೪ರಲ್ಲಿ ಅವನು ಸಾಹೇಬರ ಬಂಗಲೆಯಿಂದ ಒಂದು ಹೈಡ್ರೇಂಜಿಯಾ ಗಿಡ ತಂದು ಹಿತ್ತಲಲ್ಲಿ ನೆಟ್ಟ.

"ಅಲ್ಲೆ ನಾನ ನೋಡೀನಿ. ಹೂವು ಮುಗಿಲಿನಂಗ ನೀಲಿ!" ಅಂದ.

ಅಪರೂಪಕ್ಕೆ ಅದು ಅಪ್ಪಟ ನಿಜ. ಆದರೆ ಮಳೆಗಾಲದಲ್ಲಿ ಅರಳಿದ್ದು ಗುಲಾಬಿ ಬಣ್ಣದ ಗೊಂಚಲು. ನೆರೆಮನೆಯ ಮಧುಕರ ಗೋಡೆಯಾಚೆಯಿಂದ ಇಣುಕಿ ನಕ್ಕ.

"ಮಾತಿಗೆ ಬಣ್ಣ ಹಚ್ಚೋರಿಗೆ ಹೂವಿಗೆ ಹಚ್ಚೂದು ಆಗಲಿಲ್ಲೇನ್ರಿ?" ಎಂದಳು ಭೀಮವ್ವ.

ಗೂಳಪ್ಪನಿಗೆ ನಿಜಕ್ಕೂ ನೋವಾಯಿತು. ಇದೊಂದನ್ನಾದರೂ ಅವಳು ನಂಬಬೇಕಿತ್ತು. ಬಂಗಲೆಯ ತೋಟ ನೋಡಿಕೊಳ್ಳುವ ಮಾಳಿಯನ್ನು ಕೇಳಿದ. ಬುಡಕ್ಕೆ ಬೂದಿ, ಸುಣ್ಣ ಬಿದ್ದರೆ ಈ ಹೂವು ಗುಲಾಬಿಯಾಗುತ್ತದೆ, ಹುಳಿಮಣ್ಣು ಸಿಕ್ಕರೆ ನೀಲಿಯಾಗುತ್ತದೆ ಎಂದ ಮಾಳಿ. ಗೂಳಪ್ಪ ತಲೆಗೆ ಕೈಹಚ್ಚಿದ. ಭೀಮವ್ವ ದಿನಾ ಲಿಂಗಪೂಜೆ ಮುಗಿಸಿ, ವಿಭೂತಿ ಕಲಸಿದ ನೀರು ಯಾರ ಕಾಲಡಿಯೂ ಬೀಳಬಾರದೆಂದು ಅದೇ ಗಿಡಕ್ಕೆ ಹಾಕುತ್ತಿದ್ದಳು. ವಿಭೂತಿಯಿಂದ ಬಣ್ಣ ಕೆಟ್ಟಿತೆಂದು ಅವಳಿಗೆ ಹೇಳುವುದು ಹೇಗೆ? ಅದೂ ತನ್ನ ಬಾಯಿಂದ!

ಹೇಳಿಯೇ ಬಿಟ್ಟ. ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಇದರಾಗ ನಿಮ್ಮದೆಷ್ಟು ಸೇರೇದ?"

"ಲಿಂಗದಾಣೆ, ಒಂದಕ್ಷರ ಇಲ್ಲ."

ಅವನು ಸುಳ್ಳು ಮಾತಿಗೆ ಎಂದೂ ಆಣೆ ಹಾಕಿದವನಲ್ಲ; ಸುಳ್ಳಿಗೂ ಒಂದು ಎಲ್ಲೆ ಇಟ್ಟುಕೊಂಡಿದ್ದ. ಅದು ಅವಳಿಗೂ ಗೊತ್ತಿತ್ತು. ಮರುದಿನದಿಂದ ವಿಭೂತಿ ನೀರು ಬಿಲ್ವಪತ್ರಿ ಗಿಡಕ್ಕೆ ಹೋಯಿತು. ಗೂಳಪ್ಪ ಹೈಡ್ರೇಂಜಿಯಾವನ್ನು ಕುಂಡಕ್ಕೆ ಬದಲಿಸಿ, ಎಲೆಗೊಬ್ಬರ ತುಂಬಿ, ಮಣ್ಣು ಹುಳಿಯಾಗಲೆಂದು ಕ್ಷೌರದ ಪಟಿಕವನ್ನು ನೀರಲ್ಲಿ ಕರಗಿಸಿ ಆಗಾಗ ಹಾಕುತ್ತ ಬಂದ.

ಮುಂದಿನ ಶ್ರಾವಣದ ಒಂದು ಬೆಳಿಗ್ಗೆ ಭೀಮವ್ವ ಹಿತ್ತಲಿಂದ ಕೂಗಿದಳು: "ಏನ್ರೀ, ಲಗೂನ ಬರ್ರಿ!"

ಗೊಂಚಲಿಗೆ ಗೊಂಚಲೇ ನೀಲಿ. ಗೂಳಪ್ಪ ಕುಂಡದ ಮುಂದೆ ಕೂತು ಒಂದೊಂದೇ ಗೊಂಚಲನ್ನು ಮುಟ್ಟಿ ನೋಡಿದ.

ಸುದ್ದಿ ತಿಳಿದು ಮಧುಕರ ತನ್ನ ಹೆಂಡತಿ ಇಂದೂಳೊಂದಿಗೆ ಬಂದ. ಬಂಗಲೆಯ ಹೂವು ಎಷ್ಟು ದೊಡ್ಡದಿತ್ತೆಂದು ಇಂದೂ ಕೇಳಿದಳು. ಗೂಳಪ್ಪನ ಎರಡೂ ಕೈ ರೂಢಿಯಂತೆ ಅಗಲಗೊಂಡವು. ಹೆಂಡತಿಯ ಮುಖ ನೋಡಿ ಅವನು ಅವನ್ನು ಮೆಲ್ಲಗೆ ಹತ್ತಿರ ತಂದ.

"ಇಷ್ಟ ಇತ್ರಿ," ಅಂದ.

ಭೀಮವ್ವ ಮುಂದೆ ಬಂದು, ಅವನು ಮೊದಲು ತೋರಿಸಿದ್ದಕ್ಕಿಂತ ಅಗಲಕ್ಕೆ ತನ್ನ ಕೈ ಚಾಚಿದಳು.

"ಇಷ್ಟಿತ್ತು. ನಮ್ಮನಿಯವರು ಸುಳ್ಳ ಹೇಳಂಗಿಲ್ಲ."